ಮಾತು ಬಾರದ ಮಗುವಿನ ನೋವು: ಶಸ್ತ್ರಚಿಕಿತ್ಸೆಯ ನಂತರದ ಎರಡು ದಿನ

ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಚಲನೆ, ಸ್ನಾಯುಗಳ ಹಿಡಿತ ಕೆಡುವ ಸ್ಥಿತಿ) ಇರುವ, ಮಾತು ಬಾರದ ಎಂಟು ವರ್ಷದ ಹುಡುಗ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದಾನೆ ಎಂದುಕೊಳ್ಳಿ. ಹತ್ತರಲ್ಲಿ ಎಷ್ಟು ನೋವು ಎಂದು ಅವನನ್ನು ಕೇಳಲಾಗದು. ಕೇಳಬೇಕಾದ್ದು ಅವನ ಅಮ್ಮನನ್ನು, ಅದೂ ಶಸ್ತ್ರಚಿಕಿತ್ಸೆಗೆ ಮುಂಚೆಯೇ: "ನೋವಾದಾಗ ಏನು ಮಾಡ್ತಾನಮ್ಮಾ? ಆರಾಮಾಗಿದ್ದಾಗ ಹೇಗಿರ್ತಾನೆ?"

ಉತ್ತರಗಳು ನಮ್ಮ ಊಹೆಗೆ ಸಿಕ್ಕುವಂಥವಲ್ಲ. ಕೆಲವು ಮಕ್ಕಳು ಅಳುವ ಬದಲು ಮಂಕಾಗಿಬಿಡುತ್ತಾರೆ. ಕೆಲವರು ಉಸಿರು ಬಿಗಿಹಿಡಿಯುತ್ತಾರೆ, ಕೈ ಕಚ್ಚಿಕೊಳ್ಳುತ್ತಾರೆ. ನೋವಿಗೆ ನಗುವ ಮಕ್ಕಳೂ ಉಂಟು. ಅಮ್ಮ ಹೇಳಿದ್ದನ್ನು ಅವರ ಮಾತಿನಲ್ಲೇ ಕೇಸ್ ಶೀಟಿಗೆ ಬರೆಯಿರಿ. ರಾತ್ರಿ ಪಾಳಿಗೆ ಬರುವ ಸಿಸ್ಟರ್‌ಗೆ ಅದೇ ಆಧಾರ.

ಮಗುವಿನ ವರ್ತನೆ ನೋಡಿ ನೋವಿಗೆ ಅಂಕ ಕೊಡುವ ಫ್ಲ್ಯಾಕ್ (FLACC) ಮಾಪಕದ 2006ರ ಪರಿಷ್ಕೃತ ರೂಪ ಇದಕ್ಕೆಂದೇ ಜಾಗ ಬಿಟ್ಟಿದೆ. ಮುಖ, ಕಾಲು, ಚಟುವಟಿಕೆ, ಅಳು, ಸಂತೈಸಿದರೆ ಸಮಾಧಾನವಾಗುವ ಬಗೆ: ಪ್ರತಿಯೊಂದಕ್ಕೂ 0ಯಿಂದ 2, ಒಟ್ಟು 10. ಈ ಹುಡುಗನ ಕಾಲು ಮೊದಲಿನಿಂದಲೂ ಸೆಟೆದೇ ಇರುತ್ತದೆ. ಆದ್ದರಿಂದ ಬರೀ ಸೆಡೆತಕ್ಕೆ ಅಂಕ ಕೊಡದೆ, ಎಂದಿಗಿಂತ ಹೆಚ್ಚಾಗಿದೆಯೇ ಎಂದು ನೋಡಿ. ಮನೆಯವರು ಹೇಳಿದ ವಿಶೇಷ ಲಕ್ಷಣಗಳನ್ನೂ ಆಯಾ ಸಾಲಿಗೆ ಸೇರಿಸಿಕೊಳ್ಳಬಹುದು. ವಾರ್ಡಿನ ಗಡಿಬಿಡಿಯಲ್ಲಿ ಇದೇ ಹೆಚ್ಚು ಅನುಕೂಲ ಎಂಬುದು ನನ್ನ ಅಭಿಪ್ರಾಯ.

ಅಂಕ ಏರಿದಾಗ ಮೂತ್ರ ಕಟ್ಟಿದೆಯೇ, ಹಸಿವೇ, ಮಲಬದ್ಧತೆಯೇ ಎಂದೂ ನೋಡಿ. ಪ್ಲಾಸ್ಟರ್ ಹಾಕಿದ ಮಗುವಿಗೆ ಔಷಧ ಕೊಟ್ಟರೂ ಸಂಕಟ ಏರುತ್ತಲೇ ಇದ್ದರೆ ತಡಮಾಡಬೇಡಿ, ಸರ್ಜನ್‌ಗೆ ತಿಳಿಸಿ. ಒಳಗೆ ಒತ್ತಡ ಹೆಚ್ಚಿ ರಕ್ತಸಂಚಾರ ಕುಂದುತ್ತಿರಬಹುದು.

ಔಷಧದ ಬುಡ ಪ್ಯಾರಾಸಿಟಮಾಲ್: ಸಾಮಾನ್ಯವಾಗಿ ಮಗುವಿನ ತೂಕದ ಪ್ರತಿ ಕಿಲೋಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಮೂತ್ರಪಿಂಡದ ತೊಂದರೆ, ರಕ್ತಸ್ರಾವದ ಭಯ ಇಲ್ಲದಿದ್ದರೆ ಐಬುಪ್ರೊಫೇನ್ ಜೊತೆಗೂಡಿಸುತ್ತಾರೆ. 'ಬೇಕೆನಿಸಿದಾಗ' ಎಂದು ಬರೆಯಬೇಡಿ. ಕೇಳಲು ಬಾರದ ಮಗುವಿಗೆ ಹಾಗೆ ಬರೆದರೆ ಔಷಧ ತಪ್ಪುತ್ತದೆ. ಗಡಿಯಾರ ನೋಡಿ ಕೊಡಿ. ಸೊಂಟದ ಶಸ್ತ್ರಚಿಕಿತ್ಸೆಗೆ ಎಪಿಡ್ಯೂರಲ್ (ಬೆನ್ನಿನ ಮೂಲಕ ನರಗಳ ಬಳಿ ಮರಗಟ್ಟಿಸುವ ಔಷಧ ಕೊಡುವುದು) ಬಹಳ ಉಪಕಾರಿ.

ಇದ್ದಕ್ಕಿದ್ದಂತೆ ಕಾಲು ಎಳೆದುಕೊಂಡು ಚೀರಿದರೆ ಅದು ಸ್ನಾಯು ಸೆಳೆತವಿರಬಹುದು. ಅದಕ್ಕೆ ಬಲವಾದ ನೋವುನಿವಾರಕವಾದ ಮಾರ್ಫಿನ್ ಹೆಚ್ಚಿಸುವುದಕ್ಕಿಂತ, ಸ್ನಾಯು ಸಡಿಲಿಸುವ ಡಯಜಿಪಾಮ್ ಸಣ್ಣ ಪ್ರಮಾಣದಲ್ಲಿ ಕೊಡುವುದು ಮೇಲು. ಆದರೆ ಎರಡೂ ಸೇರಿದರೆ ಉಸಿರಾಟ ಕುಗ್ಗುತ್ತದೆ. ಪಲ್ಸ್ ಆಕ್ಸಿಮೀಟರ್ ಹಾಕಿ, ಉಸಿರು ಎಣಿಸಿ, ಮಂಪರು ಎಷ್ಟಿದೆ ಎಂದು ಗಮನಿಸಿ. ಕೊಡೀನ್ ಎಂಬ ನೋವುನಿವಾರಕ ಬೇಡ. ದೇಹ ಅದನ್ನು ಮಾರ್ಫಿನ್ ಆಗಿ ಬದಲಿಸುವ ವೇಗ ಮಗುವಿನಿಂದ ಮಗುವಿಗೆ ಬೇರೆ. 12 ವರ್ಷದೊಳಗಿನವರಿಗೆ ಕೊಡಕೂಡದೆಂದು 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿದೆ.

ಮನೆಯಲ್ಲಿ ಕೊಡುತ್ತಿದ್ದ ಫಿಟ್ಸ್ ಔಷಧ, ಸೆಡೆತ ಕಡಿಮೆ ಮಾಡುವ ಬ್ಯಾಕ್ಲೊಫೆನ್ ನಿಲ್ಲದಂತೆ ನೋಡಿಕೊಳ್ಳಿ. ಬ್ಯಾಕ್ಲೊಫೆನ್ ಥಟ್ಟನೆ ನಿಂತರೆ ಸೆಡೆತ ಏರುತ್ತದೆ, ಫಿಟ್ಸ್ ಕೂಡ ಬರಬಹುದು. ಆ ಸೆಡೆತವನ್ನು ನಾವು ಗಾಯದ ನೋವೆಂದು ತಿಳಿದು ಮಾರ್ಫಿನ್ ಏರಿಸುತ್ತಾ ಹೋಗುವ ಅಪಾಯವಿದೆ.