ಬಾಣ ತಾಗಿದ ಮೀನನ್ನು ಬಿಡಲಾಗದು: ಬಿಲ್ಲಿನ ಮೀನುಬೇಟೆಯ ಕಾನೂನು ಓದುವವರಿಗೆ

ಅಮೆರಿಕದ ನದಿ, ಹೊಳೆಗಳಲ್ಲಿ ಬಿಲ್ಲು ಬಾಣದಿಂದ ಮೀನು ಹೊಡೆಯುವುದಕ್ಕೆ ಬೋಫಿಶಿಂಗ್ ಅನ್ನುತ್ತಾರೆ. ಇದರ ನಿಯಮಗಳನ್ನು ಓದಲು ಕೂತರೆ ಮೊದಲಿಗೆ ಕಾಣುವುದು ಬರೀ ಅಂಕಿಗಳು: ಇಷ್ಟು ಅಡಿ ದೂರ, ಇಷ್ಟು ಡೆಸಿಬೆಲ್ ಸದ್ದು, ದಿನಕ್ಕೆ ಇಷ್ಟು ಮೀನು. ಬಾಯಿಪಾಠ ಮಾಡಬೇಡಿ. ಒಂದೇ ಒಂದು ಸಂಗತಿ ಹಿಡಿದುಕೊಳ್ಳಿ. ಗಾಳಕ್ಕೆ ಬಿದ್ದ ಮೀನನ್ನು ಕೈಯಲ್ಲಿ ಹಿಡಿದು ನೋಡಬಹುದು, ಅಳೆಯಬಹುದು, ತಪ್ಪು ಮೀನಾದರೆ ವಾಪಸ್ ನೀರಿಗೆ ಬಿಡಬಹುದು. ಬಾಣ ಹೊಕ್ಕ ಮೀನಿಗೆ ಆ ಅವಕಾಶವಿಲ್ಲ. ಯಾವ ಜಾತಿ, ಎಷ್ಟು ಉದ್ದ ಎಂಬುದೆಲ್ಲ ಹೆದೆ ಎಳೆದು ನಿಂತ ಆ ಒಂದೆರಡು ಕ್ಷಣದಲ್ಲೇ ತೀರ್ಮಾನವಾಗಬೇಕು. ಕಾನೂನು ತಲೆ ಕೆಡಿಸಿಕೊಂಡಿರುವುದು ಆ ಕ್ಷಣದ ಬಗ್ಗೆಯೇ.

ಆ ಕ್ಷಣದಲ್ಲಿ ಕಣ್ಣಿಗೆ ಏನು ಕಾಣುತ್ತದೆ? ಹೈಸ್ಕೂಲಿನ ವಕ್ರೀಭವನದ ಪಾಠ ನೆನಪಿಸಿಕೊಳ್ಳಿ. ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33. ನೇರ ಮೇಲಿನಿಂದ ನೋಡಿದರೆ ನಾಲ್ಕಡಿ ಆಳದ ಮೀನು ಮೂರಡಿಯಲ್ಲಿ ಇದ್ದಂತೆ ಕಾಣುತ್ತದೆ. ಓರೆಯಾಗಿ ನೋಡಿದಷ್ಟೂ ಇನ್ನೂ ಮೇಲೆ ಬಂದಂತೆ ಕಾಣುತ್ತದೆ. ಕಂಡಲ್ಲಿಗೇ ಗುರಿಯಿಟ್ಟರೆ ಬಾಣ ಮೀನಿನ ಬೆನ್ನ ಮೇಲಿಂದ ಹಾದುಹೋಗುತ್ತದೆ. ಅದಕ್ಕೇ ಕಲಿಯುವವರಿಗೆ ಮೊದಲು ಹೇಳುವ ಮಾತು, ಕಂಡದ್ದಕ್ಕಿಂತ ಕೆಳಗೆ ಹೊಡಿ ಅಂತ. ಬಾಣವೂ ಬೇರೆ ಥರದ್ದು: ಭಾರ ಹೆಚ್ಚು, ಹಿಂದೆ ಗರಿ ಇಲ್ಲ, ಮುಳ್ಳಿರುವ ಮೊನೆ, ಬಿಲ್ಲಿಗೆ ಕಟ್ಟಿದ ರೀಲಿನಿಂದ ಬಾಣಕ್ಕೆ ದಾರ. ಆ ದಾರ ಎಲ್ಲಾದರೂ ಸಿಕ್ಕಿಕೊಂಡರೆ ಬಿಟ್ಟ ಬಾಣ ಹೊಡೆದವನ ಕಡೆಗೇ ತಿರುಗಿ ಹಾರಿ ಬರಬಹುದು.

ಇನ್ನು ಎಲ್ಲಿ ಹೊಡೆಯಬಹುದು ಎಂಬ ಪ್ರಶ್ನೆ. ‘ಸಾರ್ವಜನಿಕ ನದಿ’, ಅಂದರೆ ಎಲ್ಲರೂ ಇಳಿಯಬಹುದಾದ ನದಿ, ಯಾವುದು? ಇದನ್ನು ಪ್ರತಿ ರಾಜ್ಯವೂ ತನ್ನದೇ ರೀತಿ ಹೇಳುತ್ತದೆ. ಟೆಕ್ಸಾಸ್‌ನ ಅಳತೆ ಸ್ಪಷ್ಟವಾಗಿದೆ: ಹೊಳೆ ಹೋಗಿ ಸೇರುವ ಮುಖದಿಂದ ಮೇಲಕ್ಕೆ ಸರಾಸರಿ 30 ಅಡಿ ಅಗಲ ಇರುವಷ್ಟು ದೂರ ಹೊಳೆ ಸಾರ್ವಜನಿಕ. ಈ 30 ಅಡಿ ಅನ್ನುವುದು ಪಾತ್ರದ ಅಗಲ, ಹರಿಯುವ ನೀರಿನ ಅಗಲವಲ್ಲ. ಇಲ್ಲಿ ತುಂಬ ಜನ ಎಡವುತ್ತಾರೆ. ಮೀನು ಯಾರ ಸ್ವತ್ತು ಎಂಬ ಪ್ರಶ್ನೆಗೂ ಒಂದು ಸೊಗಸಾದ ಪ್ರಕರಣವಿದೆ. ಕಾಡುಪ್ರಾಣಿ ರಾಜ್ಯದ ಸ್ವತ್ತು ಎಂದು 1896ರಲ್ಲಿ ಹೇಳಿದ್ದ ಅಮೆರಿಕದ ಸುಪ್ರೀಂ ಕೋರ್ಟ್, 1979ರ ಹ್ಯೂಸ್ ವಿರುದ್ಧ ಒಕ್ಲಹೋಮ ಪ್ರಕರಣದಲ್ಲಿ ಆ ಮಾತನ್ನು ಕೈಬಿಟ್ಟಿತು. ಗಾಳಕ್ಕೆ ಚುಚ್ಚುವ ಪುಟ್ಟ ಮಿನ್ನೋ ಮೀನುಗಳನ್ನು ಒಬ್ಬ ವ್ಯಾಪಾರಿ ರಾಜ್ಯದ ಗಡಿ ದಾಟಿಸಿದ್ದೇ ಆ ಜಗಳದ ಮೂಲ. ರಾಜ್ಯಕ್ಕೆ ಸಂರಕ್ಷಣೆಯ ಅಧಿಕಾರ ಉಳಿಯಿತು, ಒಡೆತನದ ವಾದ ಬಿತ್ತು.

ಮಿನ್ನೆಸೋಟ ರಾಜ್ಯದ ನಿಯಮ ಚಿಕ್ಕದು, ಕಲಿಯಲು ಒಳ್ಳೆಯದು. ಬೇಟೆಯ ಕಾಲ ಏಪ್ರಿಲ್ ಕೊನೆಯ ಶನಿವಾರದಿಂದ ಫೆಬ್ರವರಿ ಕೊನೆಯ ದಿನದವರೆಗೆ. ವಾಲೈ, ಬಾಸ್‌ನಂಥ ಬೆಲೆಯುಳ್ಳ ಮೀನಿಗೆ ಬಾಣ ಬಿಡುವಂತಿಲ್ಲ. ‘ರಫ್ ಫಿಶ್’ ಎಂದು ಪಟ್ಟಿ ಮಾಡಿದವಕ್ಕೆ ಮಾತ್ರ. ರಾತ್ರಿ ಬೇಟೆಗೆ ದೋಣಿಯ ತುಂಬ ದೀಪ, ದೀಪಕ್ಕೆ ಜನರೇಟರ್. ದಡದಲ್ಲಿ ಮಲಗಿದವರಿಗೆ ಅದರ ಕಾಟ. ಅದಕ್ಕೇ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬೇಟೆಯ ಸದ್ದು 50 ಅಡಿ ದೂರದಲ್ಲಿ 65 ಡೆಸಿಬೆಲ್ ಮೀರಬಾರದು, ಜನವಿರುವ ಮನೆಯಿಂದ 150 ಅಡಿ, ಬಿಡಾರದ ಜಾಗದಿಂದ 300 ಅಡಿ ಒಳಗೆ ಬಾಣ ಬಿಡಬಾರದು. ಕೊನೆಯದಾಗಿ, ಹೊಡೆದ ಮೀನನ್ನು ನೀರಿಗೆ ಎಸೆಯಬಾರದು, ದಡದಲ್ಲಿ ಬಿಟ್ಟು ಹೋಗಬಾರದು. ಈ ಕೊನೆಯ ಸಾಲಿಗೆ ಕೆಳಗೆ ಗೆರೆ ಎಳೆಯಿರಿ. ಹೊಡೆದವನು ಮೀನನ್ನು ಹೊತ್ತೊಯ್ಯಲೇಬೇಕಾದಾಗ ಎಷ್ಟು ಹೊಡೆಯಬೇಕೆಂದು ಯೋಚಿಸುತ್ತಾನೆ.

ನನಗೆ ಈ ಇಡೀ ವಿಷಯದಲ್ಲಿ ಸಂಕಟವಾಗುವುದು ಆ ‘ರಫ್ ಫಿಶ್’ ಎಂಬ ಹೆಸರಿನ ಬಗ್ಗೆ. ತಿನ್ನಲೂ ಗಾಳದ ಮೋಜಿಗೂ ಬೇಡವಾದ ಮೀನು ಎಂಬ ಅರ್ಥದಲ್ಲಿ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ ಹೆಸರದು. ಆ ಚೀಲದಲ್ಲಿ 19ನೇ ಶತಮಾನದಲ್ಲಿ ಹೊರಗಿನಿಂದ ತಂದು ಬಿಟ್ಟು, ಕೆರೆಯ ತಳ ಕೆದಕಿ ನೀರು ಕಲಕುವ ಸಾಮಾನ್ಯ ಗೆಂಡೆಯೂ (ಕಾಮನ್ ಕಾರ್ಪ್) ಇತ್ತು. ಅಲ್ಲೇ ಹುಟ್ಟಿ ಬೆಳೆದ ಬಿಗ್‌ಮೌತ್ ಬಫಲೋ ಮೀನೂ ಇತ್ತು. ಬಫಲೋ 26 ವರ್ಷ ಬದುಕಿದರೆ ಹೆಚ್ಚು ಅಂದುಕೊಂಡಿದ್ದರು. 2019ರಲ್ಲಿ ಸಂಶೋಧಕ ಅಲೆಕ್ ಲ್ಯಾಕ್‌ಮನ್ ಮತ್ತು ಸಂಗಡಿಗರು ಅದರ ತಲೆಯೊಳಗಿನ ಕಿವಿಕಲ್ಲನ್ನು ತೆಳ್ಳಗೆ ಸೀಳಿ, ಮರದ ಉಂಗುರ ಎಣಿಸುವಂತೆ ಗೆರೆ ಎಣಿಸಿದರು. ಎಣಿಕೆ ಸರಿಯೇ ಎಂದು ನೋಡಲು, ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಇಂಗಾಲ-14ರ ಗುರುತನ್ನು ಅದೇ ಕಲ್ಲಿನಲ್ಲಿ ಹುಡುಕಿದರು. ಒಂದು ಮೀನಿನ ವಯಸ್ಸು 112 ವರ್ಷ. ಮೊದಲ ಮಹಾಯುದ್ಧಕ್ಕೂ ಮುಂಚೆ ಹುಟ್ಟಿದ ಜೀವವನ್ನು ಕಸದ ಮೀನು ಎಂದು ಕರೆದಿದ್ದರು! ಇಷ್ಟು ನಿಧಾನವಾಗಿ ಬಾಳುವ ಜಾತಿಯಲ್ಲಿ ಒಂದು ರಾತ್ರಿ ಹೊಡೆದದ್ದನ್ನು ತುಂಬಿಕೊಡಲು ದಶಕಗಳೇ ಬೇಕು. 2024ರಲ್ಲಿ ಮಿನ್ನೆಸೋಟದ ಶಾಸನಸಭೆ ‘ಸ್ಥಳೀಯ ರಫ್ ಫಿಶ್’ ಎಂಬ ಪ್ರತ್ಯೇಕ ವರ್ಗವನ್ನು ಕಾನೂನಿನಲ್ಲಿ ಸೇರಿಸಿತು. ಹೆಸರಿನ ಅರ್ಧ ಇನ್ನೂ ಹಳೆಯದೇ, ಆದರೂ ಚೀಲ ಬಿಚ್ಚಿದ್ದಾರೆ.

ಟೆಕ್ಸಾಸ್‌ನಲ್ಲಿ ಇದೇ ಸಮಸ್ಯೆ ಅಲಿಗೇಟರ್ ಗಾರ್ ಮೂಲಕ ಬಂತು. ಎಂಟಡಿ ಮೀರಿಯೂ ಬೆಳೆಯುವ, ಮೊಸಳೆ ಮೂತಿಯ ಮೀನು. ಹೆಣ್ಣು ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಹತ್ತು ವರ್ಷದ ಹತ್ತಿರ ಹಿಡಿಯುತ್ತದೆ. ಮೊಟ್ಟೆಯಿಡುವುದು ನೆರೆ ಬಂದಾಗ, ನೀರು ನಿಂತ ಹುಲ್ಲುಗಾವಲಿನಲ್ಲಿ. ಅಂದರೆ ಅತಿ ಸುಲಭವಾಗಿ ಬಾಣಕ್ಕೆ ಸಿಗುವುದೂ ಆಗಲೇ. ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮುಂಗಾರಿನ ಮೊದಲ ಮಳೆಗೆ ಗದ್ದೆಗೆ ಏರಿ ಬರುವ ಹತ್ತುಮೀನನ್ನು ಬ್ಯಾಟರಿ ಬೆಳಕಿನಲ್ಲಿ ಕತ್ತಿಯಿಂದ ಕಡಿಯುವಾಗ ಹೊಟ್ಟೆಯ ತುಂಬ ಮೊಟ್ಟೆ ಇರುತ್ತದೆ. 2009ರಿಂದ ಟೆಕ್ಸಾಸ್ ದಿನಕ್ಕೆ ಒಂದೇ ಗಾರ್ ಎಂದು ಮಿತಿ ಹಾಕಿತು. 2019ರ ಸೆಪ್ಟೆಂಬರ್‌ನಿಂದ, ಡಲ್ಲಾಸ್ ನಗರದಿಂದ ಕೆಳಗಿನ ಟ್ರಿನಿಟಿ ನದಿಯಲ್ಲಿ 48 ಇಂಚಿಗಿಂತ ಉದ್ದದ್ದನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ, ರಾತ್ರಿ ಅಲಿಗೇಟರ್ ಗಾರ್‌ಗೆ ಬಾಣ ಬಿಡುವಂತಿಲ್ಲ. ದೊಡ್ಡದು ಬೇಕೆಂದವರು ಚೀಟಿ ಎತ್ತುವಿಕೆಯಲ್ಲಿ ಅನುಮತಿ ಪಡೆಯಬೇಕು.

ಇಲ್ಲಿ ನಿಂತು ಯೋಚಿಸಿ. ಗಾಳದವನಿಗೆ 48 ಇಂಚಿನ ನಿಯಮ ಕಷ್ಟವಲ್ಲ. ಟೇಪು ಹಿಡಿದು ನೋಡಿ ಬಿಡುತ್ತಾನೆ. ಬಿಲ್ಲಿನವನು ನೀರಿನೊಳಗೆ ಈಜುತ್ತಿರುವುದನ್ನು ಕಣ್ಣಂದಾಜಿನಲ್ಲೇ ಅಳೆಯಬೇಕು. ಅನುಮಾನವಿದ್ದರೆ ಅವನು ಬಿಲ್ಲು ಇಳಿಸಲೇಬೇಕು. ನಮ್ಮ 1897ರ ಭಾರತೀಯ ಮೀನುಗಾರಿಕೆ ಕಾಯಿದೆ ತೋಟೆ ಸಿಡಿಸುವುದನ್ನೂ ನೀರಿಗೆ ವಿಷ ಹಾಕುವುದನ್ನೂ ನಿಷೇಧಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ಓದಿ. ತೋಟೆಗೆ ಆರಿಸುವ ಶಕ್ತಿಯೇ ಇಲ್ಲ. ಬಿಲ್ಲಿಗೆ ಇದೆ, ಆದರೆ ಒಂದೇ ಸಲ.

ಅಭ್ಯಾಸಕ್ಕೆ ಒಂದು ಪ್ರಶ್ನೆ. ಮಿನ್ನೆಸೋಟದ ಹೊಳೆ, ರಾತ್ರಿ ಹತ್ತು ಗಂಟೆ, ಕಲಕು ನೀರು, ಎರಡಡಿ ಆಳದಲ್ಲಿ ದಪ್ಪ ಹುರುಪೆಯ ದೊಡ್ಡ ಮೀನು. ಗೆಂಡೆಯೋ ಬಫಲೋನೋ? ಗೆಂಡೆಯ ಬಾಯಿಯ ಎರಡೂ ಬದಿಗೆ ಎರಡೆರಡು ಮೀಸೆ ಇರುತ್ತವೆ, ಬಫಲೋಗೆ ಮೀಸೆಯೇ ಇಲ್ಲ. ದೋಣಿಯ ಮೇಲೆ ನಿಂತು, ಮೇಲಿನಿಂದ ಬೀಳುವ ದೀಪದಲ್ಲಿ ಆ ಮೀಸೆ ಕಾಣುವುದೇ ಎಂದು ಮೊದಲು ಬರೆಯಿರಿ. ನಿಯಮ ಹೇಗಿರಬೇಕೆಂದು ಆಮೇಲೆ ಬರೆಯಿರಿ.