ದೊಡ್ಡ ಸರ್ವರ್ ಕೊಳ್ಳುವ ಮುಂಚೆ ಲಾಗ್ ಓದಿ

ಚಿಕ್ಕಮಗಳೂರಿನ ಹೋಂಸ್ಟೇ ಮಾಲೀಕರಿಂದ ನನಗೆ ಫೋನ್ ಬರುವುದು ಹೆಚ್ಚಾಗಿ ಶುಕ್ರವಾರ ಸಂಜೆ. ಮುಳ್ಳಯ್ಯನಗಿರಿಗೆ ಹೊರಟವರು ರೂಮ್ ಹುಡುಕುವ ಹೊತ್ತು ಅದು. "ಸೈಟ್ ಓಪನ್ನೇ ಆಗ್ತಿಲ್ಲ ಸಾರ್, ದೊಡ್ಡ ಸರ್ವರ್‌ಗೆ ಹಾಕ್ಸಿಬಿಡೋಣ್ವಾ?" ಎಂದು ಕೇಳುತ್ತಾರೆ. ದುಡ್ಡು ಸುರಿಯುವ ಮೊದಲು ಲಾಗ್, ಅಂದರೆ ಬಂದ ಪ್ರತಿ ಕೋರಿಕೆಯನ್ನೂ ಸರ್ವರ್ ಒಂದೊಂದು ಸಾಲಾಗಿ ಬರೆದಿಡುವ ದಾಖಲೆ, ನೋಡಲೇಬೇಕು ಎಂಬುದು ನನ್ನ ಹಟ.

ಪೇಜುಗಳನ್ನು ಬ್ರೌಸರ್‌ಗೆ ಕಳಿಸುವ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ (nginx) ಮಾಮೂಲಿ ಲಾಗ್‌ನಲ್ಲಿ ಎಷ್ಟು ಹೊತ್ತು ಹಿಡಿಯಿತು ಎಂಬುದೇ ಇರುವುದಿಲ್ಲ. ಎರಡು ಅಂಕಿಗಳು ಅದರಲ್ಲಿ ಬರುವಂತೆ ನಾವೇ ಮಾಡಬೇಕು. ರಿಕ್ವೆಸ್ಟ್ ಟೈಮ್ ಎಂದರೆ ಕೋರಿಕೆಯ ಮೊದಲ ಬೈಟ್ ಬಂದಾಗಿನಿಂದ ಉತ್ತರದ ಕೊನೆಯ ಬೈಟ್ ಕಳಿಸುವವರೆಗಿನ ಒಟ್ಟು ಸಮಯ. ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್ ಎಂದರೆ ಅದರಲ್ಲಿ, ಹಿಂದೆ ಕೂತು ಪೇಜ್ ತಯಾರಿಸುವ ಪಿಎಚ್‌ಪಿಯಂಥ ಪ್ರೋಗ್ರಾಂ ತೆಗೆದುಕೊಂಡ ಪಾಲು. ಇವೆರಡನ್ನೂ ಅಕ್ಕಪಕ್ಕ ಇಟ್ಟೇ ಓದಬೇಕು.

ಒಂದು ಸಾಲಿನಲ್ಲಿ ಮೊದಲನೆಯದು 14.210 ಸೆಕೆಂಡ್, ಎರಡನೆಯದರ ಜಾಗದಲ್ಲಿ ಬರೀ ಅಡ್ಡಗೆರೆ. ಅದು ತೋಟದ ಫೋಟೋ. ಪ್ರೋಗ್ರಾಂ ಅದನ್ನು ಮುಟ್ಟಿಯೇ ಇಲ್ಲ. ಸಿಗ್ನಲ್ ಸರಿಯಿಲ್ಲದ ಮೊಬೈಲಿಗೆ ಕ್ಯಾಮೆರಾದಿಂದ ಬಂದ ದಪ್ಪ ಫೈಲನ್ನು ಹಾಗೇ ಕಳಿಸುತ್ತಾ ಅಷ್ಟು ಹೊತ್ತಾಗಿದೆ. ಫೋಟೋ ಚಿಕ್ಕದು ಮಾಡಿದರೆ ಸಾಕು. ಇಲ್ಲಿ ದೊಡ್ಡ ಸರ್ವರ್‌ನಿಂದ ಏನೂ ಆಗದು.

ಎರಡೂ ಅಂಕಿ 8.4 ಎಂದಿದ್ದರೆ ತೊಂದರೆ ಒಳಗಡೆ. ಹಾಗೆಂದು ಆ ಪೇಜನ್ನೇ ದೂರಬೇಡಿ. ಬರೀ ವಿಳಾಸ, ಫೋನ್ ನಂಬರ್ ಇರುವ ಪೇಜಿಗೂ 8.4 ಸೆಕೆಂಡ್ ಬಿದ್ದಿರುವುದನ್ನು ನೋಡಿದ್ದೇನೆ. ಪಿಎಚ್‌ಪಿಯನ್ನು ನಡೆಸುವ ಪಿಎಚ್‌ಪಿ-ಎಫ್‌ಪಿಎಂನ ಮೂಲ ಸೆಟ್ಟಿಂಗ್‌ನಲ್ಲಿ ಏಕಕಾಲಕ್ಕೆ ಕೆಲಸ ಮಾಡುವುದು ಹೆಚ್ಚೆಂದರೆ 5 ಪ್ರೊಸೆಸ್. ಐದೂ ಸಿಕ್ಕಿಕೊಂಡಿದ್ದರೆ ಆರನೆಯ ಕೋರಿಕೆ ಸರದಿಯಲ್ಲಿ ಕಾಯುತ್ತದೆ, ಕಾದ ಹೊತ್ತೂ ಅದರ ಲೆಕ್ಕಕ್ಕೇ ಸೇರುತ್ತದೆ.

ಹಾಗಾದರೆ ಅಡ್ಡಗಟ್ಟಿದ್ದು ಯಾರು? ಎಂಜಿನ್‌ಎಕ್ಸ್ ಸಾಲು ಬರೆಯುವುದು ಕೆಲಸ ಮುಗಿದ ಮೇಲೆ. (ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರ್‌ನಲ್ಲಿ ಹಾಗಲ್ಲ, ಅಲ್ಲಿ ಮಾಮೂಲಾಗಿ ಕೋರಿಕೆ ಬಂದ ಸಮಯವೇ ದಾಖಲಾಗುತ್ತದೆ.) ಎಂಜಿನ್‌ಎಕ್ಸ್ ಸಾಲಿನಲ್ಲಿ ಕಾಣುವ ಗಂಟೆಯಿಂದ, ಕೆಲಸಕ್ಕೆ ಹಿಡಿದ ಸಮಯವನ್ನು ಕಳೆಯಿರಿ. ವಿಳಾಸದ ಪೇಜ್ ಮುಗಿದದ್ದು 7:02:31ಕ್ಕೆ, ಅಂದರೆ ಶುರುವಾದದ್ದು 7:02:22ರ ಹೊತ್ತಿಗೆ. ಅದರ ಕೆಳಗೆ, 7:02:40ಕ್ಕೆ, 25 ಸೆಕೆಂಡಿನ ಬುಕಿಂಗ್ ರಿಪೋರ್ಟ್ ಇದೆ. ಅದು ಶುರುವಾದದ್ದು 7:02:15ಕ್ಕೇ. ಲಾಗ್‌ನಲ್ಲಿ ಕೆಳಗಿದ್ದರೂ ಮೊದಲು ಒಳಹೊಕ್ಕದ್ದು ಅದೇ. ಇನ್ನೂ ಮೇಲೆ ಹೋದರೆ ಅದೇ ರಿಪೋರ್ಟ್‌ನ ನಾಲ್ಕು ಸಾಲು, ಎಲ್ಲಕ್ಕೂ 499 ಕೋಡ್. ಕಾಯಲಾರದೆ ಬ್ರೌಸರ್ ಕಡೆಯಿಂದಲೇ ಸಂಪರ್ಕ ಕಡಿದುಹೋಗಿದೆ ಎಂದರ್ಥ. ರಿಪೋರ್ಟ್ ಬರಲಿಲ್ಲವೆಂದು ಯಾರೋ ಮತ್ತೆ ಮತ್ತೆ ರಿಫ್ರೆಶ್ ಒತ್ತಿದ್ದಾರೆ. ಪಿಎಚ್‌ಪಿಗೆ ಅದು ತಕ್ಷಣ ತಿಳಿಯುವುದಿಲ್ಲ, ಹಳೆಯ ಕೆಲಸವನ್ನೂ ಮಾಡುತ್ತಲೇ ಇರುತ್ತದೆ. ಐದೂ ಪ್ರೊಸೆಸ್ ಭರ್ತಿಯಾದದ್ದು ಹೀಗೆ.

ದಿನದ ಸರಾಸರಿ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ರಾತ್ರಿಯ ನೂರಾರು ಚುರುಕು ಸಾಲುಗಳು ಶುಕ್ರವಾರ ಸಂಜೆಯನ್ನು ಮುಚ್ಚಿಹಾಕುತ್ತವೆ. ಆ ಸಂಜೆಯ ಸಾಲುಗಳನ್ನಷ್ಟೇ ತೆಗೆದು, ಹೆಚ್ಚು ಹೊತ್ತು ಹಿಡಿದದ್ದು ಮೇಲೆ ಬರುವಂತೆ ಜೋಡಿಸಿ.

ಅಡ್ಡಗಟ್ಟಿದ್ದು ರಿಪೋರ್ಟ್ ಎಂದು ಗೊತ್ತಾದ ಮೇಲೆ, ಬುಕಿಂಗ್ ಮಾಹಿತಿ ಇರುವ ಡೇಟಾಬೇಸ್ ಮೈಎಸ್‌ಕ್ಯೂಎಲ್‌ನ ಸ್ಲೋ ಕ್ವೆರಿ ಲಾಗ್ ಆನ್ ಮಾಡಿ. ಡೇಟಾಬೇಸಿಗೆ ಕೇಳುವ ಪ್ರಶ್ನೆಯೇ ಕ್ವೆರಿ, ಮಿತಿ ಮೀರಿ ಹೊತ್ತು ಹಿಡಿದವು ಈ ಲಾಗ್‌ಗೆ ಬರುತ್ತವೆ. ಅದರ ಮೂಲ ಮಿತಿ 10 ಸೆಕೆಂಡ್. ಎಂಟೊಂಬತ್ತು ಸೆಕೆಂಡಿನ ಕ್ವೆರಿಗಳು ತಪ್ಪಿಸಿಕೊಳ್ಳುತ್ತವೆ. ಮಿತಿಯನ್ನು 1ಕ್ಕೆ ಇಳಿಸಿ. ಬುಕಿಂಗ್ ಟೇಬಲ್‌ನ ತಾರೀಖಿನ ಕಾಲಂಗೆ ಇಂಡೆಕ್ಸ್ (ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಸೂಚಿ) ಇದೆಯೇ ಎಂದು ಮೊದಲು ನೋಡಿ.