ಲಾಭ ಇದೆ, ದುಡ್ಡು ಎಲ್ಲಿ?

ಏಳನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನನಗೆ ಬರುವ ಫೋನ್‌ಗಳು ಹೆಚ್ಚುಕಮ್ಮಿ ಒಂದೇ ಥರ. ‘ಸರ್, ಮೆಕ್ಯಾನಿಕಲ್ ಓದ್ತಾ ಇದ್ದೀನಿ. ಫೈನಾನ್ಸ್‌ಗೆ ಹೋಗೋಣ ಅಂತಿದ್ದೀನಿ. ತಡ ಆಯ್ತಾ?’ ತಡವೇನೂ ಆಗಿಲ್ಲ ಅನ್ನುತ್ತೇನೆ. ಫೈನಾನ್ಸ್‌ನಲ್ಲಿ ಯಾವ ಕೆಲಸ ಅಂತ ಕೇಳಿದರೆ ಮಾತ್ರ ಆ ಕಡೆಯಿಂದ ಸದ್ದಿಲ್ಲ.

ಕಂಪನಿಗಳಿಗೆ ಸಾಲ ಕೊಡುವ ಮುಂಚೆ ಅವುಗಳ ಲೆಕ್ಕ ನೋಡುವುದು ನನ್ನ ಕೆಲಸ. ಇದಕ್ಕೆ ಕ್ರೆಡಿಟ್ ಅನ್ನುತ್ತಾರೆ. ಯಾವ ಷೇರು ಕೊಳ್ಳಬಹುದು ಅಂತ ನೋಡುವ ಷೇರು ರಿಸರ್ಚ್ ಬೇರೆ, ಎಷ್ಟು ದುಡ್ಡು ಮುಳುಗಬಹುದು ಅಂತ ಲೆಕ್ಕ ಹಾಕುವ ಬ್ಯಾಂಕಿನ ರಿಸ್ಕ್ ವಿಭಾಗ ಬೇರೆ. ಗಣಿತ, ಕೋಡಿಂಗ್ ಚೆನ್ನಾಗಿರುವ ಎಂಜಿನಿಯರ್‌ಗೆ ರಿಸ್ಕ್ ಒಳ್ಳೆಯ ದಾರಿ. ಆಡಿಟ್‌ನಲ್ಲಿ ಮೇಲೆ ಬರಬೇಕೆಂದರೆ ಸಿಎ ಬೇಕೇ ಬೇಕು. ಕಾಮರ್ಸ್ ಬಿಟ್ಟು ಬೇರೆ ಪದವಿಯಲ್ಲಿ ಶೇ. 60 ಅಂಕ ಇದ್ದರೆ ಸಿಎಯ ಮೊದಲ ಹಂತವಾದ ಫೌಂಡೇಶನ್ ಬರೆಯದೆ ನೇರ ಎರಡನೇ ಹಂತ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಇದು ಎಷ್ಟೋ ಹುಡುಗರಿಗೆ ಗೊತ್ತೇ ಇರುವುದಿಲ್ಲ.

ಒಮ್ಮೆ ಬೆಳಗಾವಿಯ ಹುಡುಗಿಯೊಬ್ಬಳು ಇಂಟರ್‌ವ್ಯೂಗೆ ಬಂದಿದ್ದಳು. ರೆಸ್ಯೂಮೆಯ ತುಂಬ ಆನ್‌ಲೈನ್ ಕೋರ್ಸ್‌ಗಳು. ಅಲ್ಲಿನ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಫೌಂಡ್ರಿಯಲ್ಲಿ ಮಾಡಿದ ಇಂಟರ್ನ್‌ಶಿಪ್ ಕೊನೆಯ ಸಾಲಿನಲ್ಲಿ ಮುದುಡಿ ಕೂತಿತ್ತು. ‘ಲಾಭ ತೋರಿಸುವ ಕಂಪನಿಗೂ ಸಂಬಳ ಕೊಡಲು ದುಡ್ಡಿಲ್ಲದೆ ಹೋಗುತ್ತಲ್ಲ, ಯಾಕೆ?’ ಅಂದೆ. ಪುಸ್ತಕದ ಉತ್ತರ ಶುರು ಮಾಡಿ ತಡವರಿಸಿದಳು. ಆಮೇಲೆ, ‘ನಮ್ಮ ಫೌಂಡ್ರಿಯೊಳಗ ಮಾಲು ಕಳಿಸಿದ ಮ್ಯಾಲೂ ಮೂರು ತಿಂಗಳು ರೊಕ್ಕ ಬರ್ತಿರಲಿಲ್ರೀ ಸರ್. ಕಬ್ಬಿಣ ಕೊಟ್ಟಾವ ಮಾತ್ರ ಹದಿನೈದು ದಿನಕ್ಕ ಬಂದು ನಿಲ್ತಿದ್ದ’ ಅಂದಳು.

ವರ್ಕಿಂಗ್ ಕ್ಯಾಪಿಟಲ್, ಅಂದರೆ ದಿನದಿನದ ವ್ಯವಹಾರ ನಡೆಸಲು ಬೇಕಾದ ದುಡ್ಡು, ಅದರ ಕಥೆ ಇದೇ ಅಲ್ವಾ? ಮಾರ್ಚ್ 31ಕ್ಕೆ ಉದ್ರಿ ಮಾರಿದ ಮಾಲು ಆ ವರ್ಷದ ಲಾಭದಲ್ಲಿ ಸೇರುತ್ತದೆ. ದುಡ್ಡು ಬರುವುದು ಜೂನ್‌ಗೆ. ಅಷ್ಟರೊಳಗೆ ಎರಡು ಮೂರು ಸಂಬಳ ಕೊಟ್ಟಾಗಿರಬೇಕು. ಆ ಹುಡುಗಿ ಇದನ್ನು ಕಣ್ಣಾರೆ ಕಂಡಿದ್ದಳು. ಅದನ್ನು ಹೇಳಿಕೊಳ್ಳಲು ಸಂಕೋಚಪಟ್ಟಿದ್ದಳು ಅಷ್ಟೆ. ನಾವು ಅವಳನ್ನು ತೆಗೆದುಕೊಂಡೆವು.

ಹಾಗಾಗಿ ಓದಿದ್ದನ್ನು ಬಚ್ಚಿಡಬೇಡಿ. ಪಂಪು, ಬೇರಿಂಗು, ಸಿಮೆಂಟು, ನಿಮಗೆ ಪರಿಚಯ ಇರುವ ಸರಕಿನ ಒಂದು ಲಿಸ್ಟೆಡ್ ಕಂಪನಿ ಹಿಡಿಯಿರಿ. ಐದು ವರ್ಷದ ವಾರ್ಷಿಕ ವರದಿಗಳು ಎನ್‌ಎಸ್‌ಇ, ಬಿಎಸ್‌ಇ ಷೇರುಪೇಟೆಗಳ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಮಾರಾಟ, ಬರಬೇಕಾದ ಬಾಕಿ, ದಾಸ್ತಾನು, ಮೂರನ್ನೂ ಎಕ್ಸೆಲ್‌ಗೆ ಇಳಿಸಿ. 73 ಕೋಟಿ ಮಾರಾಟಕ್ಕೆ 18 ಕೋಟಿ ಬಾಕಿ ಇದ್ದರೆ, 18ನ್ನು 73ರಿಂದ ಭಾಗಿಸಿ 365ರಿಂದ ಗುಣಿಸಿ. 90 ದಿನ. ಅಂದರೆ ಮಾರಿದ ಮಾಲಿನ ದುಡ್ಡು ಕೈಗೆ ಬರಲು ಸರಾಸರಿ ಅಷ್ಟು ದಿನ ಹಿಡಿಯುತ್ತಿದೆ. ಹೋದ ವರ್ಷ 60 ಇತ್ತಾ? ಹಾಗಾದರೆ ಯಾರು ದುಡ್ಡು ಕೊಡುತ್ತಿಲ್ಲ, ಯಾಕೆ ಕೊಡುತ್ತಿಲ್ಲ? ಲೆಕ್ಕಪತ್ರದ ಹಿಂದೆ ಬರುವ ಟಿಪ್ಪಣಿಗಳಲ್ಲಿ ಹುಡುಕಿ. ಒಂದು ತಿಂಗಳು ಹಿಡಿಯಬಹುದು, ಹಿಡಿಯಲಿ.

ಪರೀಕ್ಷೆಗಳ ಮಾತು ಚಿಕ್ಕದು. ಷೇರು ರಿಸರ್ಚ್ ಕಡೆ ಮನಸ್ಸಿದ್ದರೆ, ಷೇರುಪೇಟೆಯ ನಿಯಂತ್ರಕ ಸೆಬಿ ಕಟ್ಟಿದ ಎನ್‌ಐಎಸ್‌ಎಂ ಸಂಸ್ಥೆಯ ರಿಸರ್ಚ್ ಅನಾಲಿಸ್ಟ್ ಪರೀಕ್ಷೆ ಬರೆಯಿರಿ. ಹೂಡಿಕೆ ವಿಶ್ಲೇಷಣೆಯ ಅಂತರರಾಷ್ಟ್ರೀಯ ಪರೀಕ್ಷೆ ಸಿಎಫ್‌ಎಯ ಮೊದಲ ಹಂತವನ್ನು ಪದವಿ ಮುಗಿಯಲು 23 ತಿಂಗಳು ಇರುವಾಗಲೇ ಬರೆಯಬಹುದು, ಆದರೆ ಶುಲ್ಕ ಜಾಸ್ತಿ. ‘ಪ್ಲೇಸ್‌ಮೆಂಟ್ ಗ್ಯಾರಂಟಿ’ ಅಂತ ಲಕ್ಷಗಟ್ಟಲೆ ಕೇಳುವ ಕೋರ್ಸ್‌ಗೆ ಮಾತ್ರ ಸಾಲ ಮಾಡಬೇಡಿ. ಅಪ್ಪ ಅಮ್ಮನ ದುಡ್ಡು ಅದು.

ಕಂಡದ್ದನ್ನು ಎರಡು ಪುಟ ಬರೆಯಿರಿ. ಈ ಕೆಲಸದಲ್ಲಿರುವ ಹಿರಿಯರೊಬ್ಬರಿಗೆ ಕಳಿಸಿ, ‘ಎಲ್ಲಿ ತಪ್ಪಿದ್ದೀನಿ ಸರ್?’ ಅಂತ ಕೇಳಿ. ಕೆಲಸ ಕೊಡಿ ಅನ್ನುವ ಮೇಲ್‌ಗಳಿಗೆಲ್ಲ ಉತ್ತರ ಬರೆಯಲು ನನಗೆ ಆಗುವುದಿಲ್ಲ. ಇಂಥ ಮೇಲ್ ಬಂದರೆ ಭಾನುವಾರವಾದರೂ ಕೂತು ಬರೆಯುತ್ತೇನೆ.